ಉಗುರು ಮೇಸ್ತ್ರಿ ಪಾಸು ಮಾಡಿದ ಬೇರಿಂಗು

ಆ ರಸ್ತೆಯಲ್ಲಿ ಏಳು ಗ್ಯಾರೇಜುಗಳಿದ್ದವು. ಆರಕ್ಕೆ ದೊಡ್ಡ ದೊಡ್ಡ ಬೋರ್ಡುಗಳು. ಏಳನೆಯದಕ್ಕೆ ಬೋರ್ಡೇ ಇರಲಿಲ್ಲ, ಉಗುರು ಮೇಸ್ತ್ರಿಯ ಗ್ಯಾರೇಜು ಎಂದರೆ ಸಾಕಿತ್ತು.

ಹೆಸರು ಸುಮ್ಮನೆ ಬಂದದ್ದಲ್ಲ. ಕ್ಲಚ್ ಬಿಚ್ಚಿದ ಮೇಲೆ ಒಳಗಿನ ಫ್ಲೈವೀಲ್ ಚಕ್ರದ ಮೈಮೇಲೆ ಬಲಗೈ ತೋರುಬೆರಳಿನ ಉಗುರನ್ನು ಒಮ್ಮೆ ಎಳೆದನೆಂದರೆ, ಗೀರು ಎಷ್ಟು ಆಳ, ಇನ್ನು ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ. ಬೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸಿದರೆ ಒಳಗಿನ ಗುಂಡುಗಳು ಆ ಬೆರಳಿಗೇ ಚಾಡಿ ಹೇಳುತ್ತಿದ್ದವು. ಸರಿಯಿದ್ದರೆ ಜೇಬಿನಿಂದ ಹಳದಿ ಪೇಂಟ್ ಪೆನ್ನು ತೆಗೆದು ಒಂದು ಗೀಟು, ಸವೆದಿದ್ದರೆ ಕತ್ತರಿ ಗುರುತು. ಜೀವ ಇರುವ ಸಾಮಾನನ್ನು ಅವನು ಬದಲಾಯಿಸಿದವನಲ್ಲ. 'ಎಲ್ಲಾ ಹೊಸದು ಹಾಕೋಕೆ ಮೇಸ್ತ್ರಿ ಯಾಕೆ ಬೇಕು, ಅಂಗಡಿಯವನೇ ಸಾಕಲ್ಲ' ಎನ್ನುವುದು ಅವನ ಜಂಬದ ಮಾತು. ಆ ಜಂಬಕ್ಕೆ ಮೂವತ್ತು ವರ್ಷ ಪೂರಾ ಆಧಾರವೂ ಇತ್ತು.

ಮೂವತ್ತೊಂದನೆಯ ವರ್ಷ ಆ ಆಧಾರ ಇರಲಿಲ್ಲ. ಸಕ್ಕರೆ ಕಾಯಿಲೆ ಹತ್ತಿಕೊಂಡ ಮೇಲೆ ಬೆರಳುಗಳಿಗೆ ಜೋಮು ಹಿಡಿಯಿತು. ಮೊದಲು ಬಂದು ಹೋಗುತ್ತಿದ್ದ ಜೋಮು ಆಮೇಲೆ ಅಲ್ಲೇ ಮನೆ ಮಾಡಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಯಿತು. ಕಾದ ಲೋಟ ಹಿಡಿದು, ಬೊಬ್ಬೆ ಎದ್ದ ಮೇಲೆ ಸುಟ್ಟದ್ದು ಗೊತ್ತಾಯಿತು. ಆದರೂ ಮೇಸ್ತ್ರಿ ಯಾರ ಮುಂದೆಯೂ ಉಸಿರೆತ್ತಲಿಲ್ಲ. ಬೇರಿಂಗ್ ತಿರುಗಿಸುತ್ತಿದ್ದ, ಬೆರಳಿಗೆ ಏನೂ ತಗಲುತ್ತಿರಲಿಲ್ಲ, ಏನೂ ತಗಲದಿದ್ದರೆ ಸಾಮಾನು ಸರಿಯಿದೆ ಎಂದೇ ಅರ್ಥ ಮಾಡಿಕೊಂಡು ಗೀಟು ಎಳೆಯುತ್ತಿದ್ದ. ಒಳಗೊಳಗೆ ಅವನಿಗೆ ಎಲ್ಲಾ ಗೊತ್ತಿತ್ತು. ಅನುಮಾನವಿದ್ದಾಗ ಬದಲಾಯಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಬೋರ್ಡು ಇರುವ ಆರು ಜನರಿಗೂ ಅವನಿಗೂ ಏನು ವ್ಯತ್ಯಾಸ?

ಹಲ್ಲಿನ ಡಾಕ್ಟರಮ್ಮನ ಕೆಂಪು ಸ್ಪೋರ್ಟ್ಸ್ ಕಾರು ಕ್ಲಚ್ ಜಾರುತ್ತಿದೆ ಎಂದು ಬಂದದ್ದು ಇಂಥ ಸ್ಥಿತಿಯಲ್ಲಿ. ಇಬ್ಬರೇ ಕೂರುವ, ನೆಲಕ್ಕೆ ಹೊಟ್ಟೆ ತಾಗುವಂಥ ಹಳೆಯ ಗಾಡಿ. ಅದರ ಗೇರ್‌ಬಾಕ್ಸ್ ಇಳಿಸುವುದೆಂದರೆ ಎರಡು ದಿನ ಬೆನ್ನು ಮುರಿಯುವ ಕೆಲಸ. ಅದಕ್ಕೇ ಇಂಥ ಗಾಡಿಯಲ್ಲಿ ಒಳಗೆ ಕೈ ಹಾಕಿದಾಗಲೇ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಬೇಕು. ಅಂಗೈಯಷ್ಟಿರುವ ಬೇರಿಂಗಿನಲ್ಲಿ ತಪ್ಪಿದರೂ ಮತ್ತೆ ಎಲ್ಲಾ ಬಿಚ್ಚಬೇಕು.

ಹೊಸ ಕ್ಲಚ್ ಕೂರಿಸುವ ದಿನ ಬೆಳಿಗ್ಗೆ ಭಾಮೈದ ಬರುವುದು ತಡವಾಯಿತು. ಮೇಸ್ತ್ರಿಯ ಹೆಂಡತಿಯ ತಮ್ಮ, ನಲವತ್ತೈದರ ಆಳು, ಇಪ್ಪತ್ತು ವರ್ಷದಿಂದ ಅದೇ ಗ್ಯಾರೇಜಿನಲ್ಲಿದ್ದವನು. ತನ್ನ ಹೆಂಡತಿಯ ಕಣ್ಣಿನ ಆಪರೇಷನ್ ಇದೆ ಎಂದು ಹೇಳಿಯೇ ಹೋಗಿದ್ದ. ಅವನು ಬರುವಷ್ಟರಲ್ಲಿ ಮೇಸ್ತ್ರಿ ಹೊಸ ಕ್ಲಚ್ ತಟ್ಟೆ ಕೂರಿಸಿ, ಹಳೆಯ ಬೇರಿಂಗನ್ನು ತಿರುಗಿಸಿ ನೋಡಿ, 'ಬೆಣ್ಣೆ!' ಎಂದು ತನಗೆ ತಾನೇ ಹೇಳಿಕೊಂಡು, ಗೀಟು ಎಳೆದು ಅದನ್ನೇ ಮತ್ತೆ ಹಾಕಿಬಿಟ್ಟಿದ್ದ. ಭಾಮೈದ ಟಾರ್ಚ್ ಹಿಡಿದು ಒಳಗೆ ಇಣುಕಿದ.

"ಭಾವ, ಬೇರಿಂಗ್ ಒಂದ್ಸಲ ನೋಡ್ಲಾ?"

"ನಾನು ನೋಡಿದ್ಮೇಲೆ ನೀನೇನು ನೋಡೋದು? ಎತ್ತು ಗೇರ್‌ಬಾಕ್ಸು."

ಭಾಮೈದ ಎತ್ತಿದ. ಬೋಲ್ಟು ಬಿಗಿದವನೂ ಅವನೇ.

ಮೂರು ವಾರಕ್ಕೆ ಕಾರು ಒಂದು ಲಾರಿಯ ಬೆನ್ನೇರಿ ವಾಪಸು ಬಂತು. ಬೇರಿಂಗು ಕಚ್ಚಿಕೊಂಡು ಹೊಸ ಕ್ಲಚ್ಚನ್ನೂ ತಿಂದುಹಾಕಿತ್ತು. ಮೇಲ್ಸೇತುವೆಯ ನಟ್ಟನಡುವೆ ಗಾಡಿ ನಿಂತು, ಹಿಂದಿನವರೆಲ್ಲ ಹಾರ್ನ್ ಒತ್ತಿ, ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಬೈದು ಹೋಗಿದ್ದ. ಡಾಕ್ಟರಮ್ಮನ ಮುಖ ಕಾರಿಗಿಂತ ಕೆಂಪಾಗಿತ್ತು.

"ಎಲ್ಲಾ ನೋಡಿದ್ದೀನಿ ಅಂದಿದ್ರಲ್ಲ ಮೇಸ್ತ್ರಿ? ಇದು ಯಾರ ಕೆಲಸ?"

ನಾಲಿಗೆಗೆ ಎಲುಬಿಲ್ಲ. ಮೇಸ್ತ್ರಿಯ ನಾಲಿಗೆ ಅವನ ಅಪ್ಪಣೆಗೂ ಕಾಯಲಿಲ್ಲ. "ಬೇರಿಂಗ್ ನಾನೇ ನೋಡಿದ್ದು, ಚೆನ್ನಾಗಿತ್ತಮ್ಮ. ಗೇರ್‌ಬಾಕ್ಸ್ ಕೂರಿಸಿದ್ದು ಇವನು. ಸೊಟ್ಟ ಕೂರಿಸಿರ್ಬೇಕು."

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿದಂತಾಯಿತು. ಮೇಕೆ ಬಾಯಿ ಬಿಡಲಿಲ್ಲ. ಭಾಮೈದ ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಸ್ಪ್ಯಾನರನ್ನು ಒರೆಸುತ್ತಲೇ ನಿಂತ.

"ಹಾಗಾದ್ರೆ ಇನ್ಮೇಲೆ ಇವರು ನನ್ನ ಗಾಡಿ ಮುಟ್ಟೋದು ಬೇಡ" ಎಂದು ಹೇಳಿ ಡಾಕ್ಟರಮ್ಮ ಹೋದರು. ಪಕ್ಕದ ಎರಡು ಗ್ಯಾರೇಜಿನವರು ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡಿದ್ದರು.

ಆಮೇಲೆ ಇಬ್ಬರೂ ಸೇರಿ ಗಾಡಿ ಬಿಚ್ಚಿದರು. ಭಾಮೈದ ಕೆಮ್ಮಿದರೂ ಮೇಸ್ತ್ರಿಗೆ ತನಗೇ ಏನೋ ಅಂದಂತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಅನ್ನದೆಯೇ ಮೇಸ್ತ್ರಿ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಮರುದಿನ ಭಾಮೈದ ಹೊಸ ಸಾಮಾನು ತರಲು ಅಂಗಡಿಗೆ ಹೋಗಿದ್ದಾಗ ಗುಜರಿಯವನು ಬಂದ. ಅವನ ವ್ಯವಹಾರವೆಲ್ಲ ಯಾವಾಗಲೂ ಭಾಮೈದನ ಜೊತೆಗೇ. ಹಳೆಯ ಸಾಮಾನಿನ ಡ್ರಮ್ಮನ್ನು ನೆಲಕ್ಕೆ ಬಗ್ಗಿಸಿ, ಕಬ್ಬಿಣ ಬೇರೆ ಅಲ್ಯೂಮಿನಿಯಂ ಬೇರೆ ಮಾಡುತ್ತಾ ಕುಳಿತವನು ಒಂದನ್ನು ಎತ್ತಿ ಹಿಡಿದ.

"ಏನ್ ಮೇಸ್ತ್ರಿ, ನೀವು ಪಾಸು ಮಾಡಿದ್ದನ್ನೂ ಗುಜರಿಗೆ ಹಾಕ್ತೀರಾ?"

ಬೇರಿಂಗಿನ ಮೇಲೆ ಹಳದಿ ಗೀಟು. ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕುಳಿತು ರಾಶಿಯನ್ನು ಕೆದಕಿದ. ಇನ್ನೊಂದು ಸಿಕ್ಕಿತು, ಮತ್ತೊಂದು ಸಿಕ್ಕಿತು. ಬೇರಿಂಗುಗಳು, ಕ್ಲಚ್ಚನ್ನು ಒತ್ತುವ ಒಂದು ಸವೆದ ಕವಲುಕೋಲು, ಬಿರುಕು ಬಿಟ್ಟ ಒಂದು ತಟ್ಟೆ. ಒಟ್ಟು ಹನ್ನೊಂದು, ಒಂದೊಂದರ ಮೇಲೂ ಅವನದೇ ಕೈಯ ಗೀಟು. ಬಿರುಕಂತೂ ಕಣ್ಣಿಗೇ ಕಾಣುವಂತಿತ್ತು. ಬೆರಳನ್ನು ನಂಬಿ ಅವನು ಕಣ್ಣನ್ನೂ ಬಳಸಿರಲಿಲ್ಲ.

ಅರ್ಥವಾಗಲು ತಡವಾಗಲಿಲ್ಲ. ತಾನು ಪಾಸು ಮಾಡಿದ ಪ್ರತಿಯೊಂದನ್ನೂ ಬೆನ್ನ ಹಿಂದೆ ಒಬ್ಬ ಮತ್ತೆ ನೋಡಿದ್ದ, ಕೆಟ್ಟದ್ದನ್ನು ಸದ್ದಿಲ್ಲದೆ ಬದಲಾಯಿಸಿದ್ದ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹನ್ನೊಂದನ್ನೂ ಒಂದು ಡಬ್ಬಕ್ಕೆ ಹಾಕಿಕೊಂಡು, "ಇವು ಇರ್ಲಿ, ಉಳಿದಿದ್ದು ತಗೊಂಡ್ಹೋಗು" ಎಂದು ಹೇಳಿ ಹಿಂದಿನ ಮನೆಗೆ ಹೋದ.

ಗ್ಯಾರೇಜಿನ ಬಿಲ್ಲು ಬರೆಯುವವಳು ಹೆಂಡತಿ. ಡಬ್ಬ ನೋಡಿದವಳೇ ಅವಳು ಪೆನ್ನು ಕೆಳಗಿಟ್ಟಳು.

"ನಿಂಗೆ ಗೊತ್ತಿತ್ತಾ?"

"ಅವನು ಹಾಕಿದ ಹೊಸ ಸಾಮಾನಿಗೆಲ್ಲ ಬಿಲ್ಲು ಬರೆಯೋಳು ನಾನಲ್ವೇನ್ರಿ? ನೀವು ಒಂದಿನಾನಾದ್ರೂ ಓದಿದ್ರಾ?"

"ಹೇಳ್ಬಾರ್ದಿತ್ತಾ?"

"ಬೇಡ ಅಂದ. 'ಭಾವಂಗೆ ಇರೋ ಆಸ್ತಿ ಆ ಉಗುರೊಂದೇ ಅಕ್ಕ' ಅಂದ." ಮತ್ತೆ ಪೆನ್ನು ಎತ್ತಿಕೊಳ್ಳುತ್ತಾ ಅಂದಳು: "ನಿನ್ನೆ ಡಾಕ್ಟರಮ್ಮನ ಮುಂದೆ ನೀವು ಆಡಿದ ಮಾತೂ ಗೊತ್ತು. ಅವನು ಹೇಳ್ಲಿಲ್ಲ. ಈ ಗೋಡೆ ಒಂದಿಟ್ಟಿಗೆ ದಪ್ಪ ಅಷ್ಟೇ."

ಮೇಸ್ತ್ರಿ ಅಂದು ಊಟದ ಮುಂದೆ ಕುಳಿತ, ತಟ್ಟೆಗೆ ಕೈ ಹಾಕಲಿಲ್ಲ. ಅವಳೂ ತಿನ್ನಿ ಎಂದು ಬಲವಂತ ಮಾಡಲಿಲ್ಲ.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬಂದರು. ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಬಂದು, ನಗುತ್ತಾ ಇಳಿದರು. "ಈಗ ಸರಿಯಾಯ್ತು ನೋಡಿ. ಈ ಸಲ ಎಲ್ಲಾ ನೀವೇ ನೋಡಿದ್ರಿ ತಾನೇ?"

ಒಂದು 'ಹ್ಞೂಂ' ಸಾಕಿತ್ತು. ಉಗುರು ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಆ ಹ್ಞೂಂ ಗಂಟಲವರೆಗೆ ಬಂದೂ ಬಿಟ್ಟಿತ್ತೆಂದು ಹೇಳಲೇಬೇಕು. ಮೂಲೆಯಲ್ಲಿ ಭಾಮೈದ ಬೆನ್ನು ತಿರುಗಿಸಿ ಏನೋ ತೊಳೆಯುತ್ತಿದ್ದ.

"ಇಲ್ಲಮ್ಮ, ಅವನು ನೋಡಿದ್ದು" ಎಂದ ಮೇಸ್ತ್ರಿ. ಪಕ್ಕದವರಿಗೂ ಕೇಳಿಸಲೆಂದು ದನಿ ಎತ್ತಿದ. "ಹೋದ ಸಲಾನೂ ಅವನು ನೋಡ್ತೀನಿ ಅಂದ, ನಾನೇ ಬಿಡ್ಲಿಲ್ಲ. ಕೆಟ್ಟ ಬೇರಿಂಗ್ ಹಾಕಿದ್ದು ನಾನು. ನಿಮ್ಮ ಮುಂದೆ ಸುಳ್ಳು ಹೇಳಿ ಅವನ ಹೆಸರು ಕೆಡಿಸಿದೆ." ಡಬ್ಬವನ್ನು ಬೆಂಚಿನ ಮೇಲೆ ಬಗ್ಗಿಸಿದ. "ಇವೂ ನಾನು ಪಾಸು ಮಾಡಿದ್ದೇ. ಒಂದು ವರ್ಷದಿಂದ ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ."

ಡಾಕ್ಟರಮ್ಮ ಅವನ ಕೈ ಎಳೆದುಕೊಂಡು, ಕಾರಿನ ಕೀಲಿಯ ಮೊನೆಯನ್ನು ತೋರುಬೆರಳಿಗೆ ಒತ್ತಿದರು. ಮೇಸ್ತ್ರಿ ಆ ಕಡೆ ನೋಡುತ್ತಿರಲಿಲ್ಲ, ಭಾಮೈದನ ಬೆನ್ನನ್ನು ನೋಡುತ್ತಿದ್ದ. "ಒತ್ತಿದ್ದು ಗೊತ್ತಾಯ್ತಾ?" ಎಂದು ಕೇಳಿದಾಗ "ಏನಮ್ಮ?" ಎಂದ. ಅವರು ಕೈಯನ್ನು ಮೆಲ್ಲಗೆ ಬಿಟ್ಟರು. ಹೋಗುವಾಗ ಭಾಮೈದನ ಹತ್ತಿರ ನಿಂತು, "ಮುಂದಿನ ಸಲ ನಿಮಗೇ ಫೋನ್ ಮಾಡ್ತೀನಿ" ಎಂದರು.

ಕಾರು ಹೋದ ಮೇಲೆ ಮೇಸ್ತ್ರಿ ಕೇಳಿದ. "ಅಷ್ಟು ಜನರ ಮುಂದೆ ಅಂದೆ. ಯಾಕೆ ಸುಮ್ಮನಿದ್ದೆ ನೀನು?"

"ಆವತ್ತು ತಡವಾಗಿ ಬಂದ್ನಲ್ಲ ಭಾವ" ಎಂದ ಭಾಮೈದ. "ಬೇಗ ಬಂದಿದ್ರೆ ತೆಗೆದು ಬೇರೆ ಹಾಕಿರ್ತಿದ್ದೆ. ನಂದೇ ತಪ್ಪು ಅಂದ್ಕೊಂಡೆ."

ಎರಡು ಬಾರಿಸಿದ್ದರೂ ಮೇಸ್ತ್ರಿಗೆ ಇಷ್ಟು ನೋಯುತ್ತಿರಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ತೋಳಿಗೆ ಒರೆಸಿಕೊಂಡು, ಜೇಬಿನಿಂದ ಹಳದಿ ಪೆನ್ನು ತೆಗೆದು ಭಾಮೈದನ ಕೈಗಿಟ್ಟ. ಒಂದು ಮಾತಿಗಾದರೂ 'ಬೇಡ ಭಾವ, ನೀವೇ ಇಟ್ಕೊಳ್ಳಿ' ಅನ್ನುತ್ತಾನೆಂದು ಕಾದ.

ಭಾಮೈದ ಪೆನ್ನಿನ ಮುಚ್ಚಳ ತೆಗೆದು, ಬೆಂಚಿನ ಮೇಲಿದ್ದ ಹನ್ನೊಂದರಲ್ಲಿ ಮೊದಲನೆಯದನ್ನು ಎತ್ತಿಕೊಂಡು, ಹಳೆಯ ಗೀಟಿನ ಮೇಲೆ ಕತ್ತರಿ ಗುರುತು ಹಾಕತೊಡಗಿದ.