ವಕೀಲರು ನೋಡದ ಕಾಗದ

ನನ್ನ ಗಂಡ ರಾಮಲಿಂಗಯ್ಯನವರು ತೀರಿಕೊಂಡ ಐದನೇ ದಿನ ಚನ್ನಪಟ್ಟಣದ ವಕೀಲರೆಲ್ಲ ಸೇರಿ ಒಂದು ಸಭೆ ಮಾಡಿದರು. ಏಳು ಜನ ಮಾತಾಡಿದರು, ಏಳೂ ಜನ ಅವರನ್ನು ಅಜಾತಶತ್ರು ಎಂದರು. ಅಜಾತಶತ್ರುವಂತೆ, ನನ್ನ ಕರ್ಮ! ಮೂವತ್ತೊಂದು ವರ್ಷ ಸಂಸಾರ ಮಾಡಿದ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಆ ಮನುಷ್ಯನ ಒಳ್ಳೆಯತನವನ್ನು ಮೈಕಿನ ಮುಂದೆ ನಿಂತು ಹೊಗಳುವುದಕ್ಕೆ ಎರಡು ನಿಮಿಷ ಸಾಕು. ಅದರ ಜೊತೆ ಒಂದೇ ಸೂರಿನಡಿ ಬಾಳಿ ನೋಡಬೇಕು. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿರೂಪಾಕ್ಷಿಪುರದ ಪಕ್ಕದ ಒಂದು ಸಣ್ಣ ಊರು ಅವರದು. ಆ ಊರಿನಿಂದ ಕಪ್ಪು ಕೋಟು ಹಾಕಿದವರಲ್ಲಿ ಅವರೇ ಮೊದಲು. ಚನ್ನಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಮೊದಲನೇ ಬಸ್ಸಿಗೆ ಬಂದ ಕಕ್ಷಿದಾರರು ಆರು ಗಂಟೆಗೇ ಜಗಲಿಯ ಮೇಲೆ ಕೂತಿರುತ್ತಿದ್ದರು. ಬರಿಗೈಯಲ್ಲಿ ಬಂದರೆ ಮರ್ಯಾದೆಯಲ್ಲ ಎಂದು ಸೊನೆ ಅವರೆಕಾಯಿ ಮೂಟೆ ಹೊತ್ತು ತರುತ್ತಿದ್ದರು. ಇವರು 'ಯಾಕ್ರಪ್ಪಾ ಇದೆಲ್ಲ' ಎಂದು ನಗುತ್ತಾ ತೆಗೆದುಕೊಳ್ಳುತ್ತಿದ್ದರು. ಸುಲಿಯುವವಳು ಯಾರು? ನಾನು! ಮಾಗಿ ಬಂತೆಂದರೆ ನನ್ನ ಉಗುರು ಸಂದಿಯ ಕಪ್ಪು ಶಿವರಾತ್ರಿಯವರೆಗೂ ಹೋಗುತ್ತಿರಲಿಲ್ಲ.

ಮನೆಯವರನ್ನು ಮರೆತ ಮನುಷ್ಯ ಎಂದುಕೊಳ್ಳಬೇಡಿ. ಹಾಗಿದ್ದಿದ್ದರೆ ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ನಮಗಿದ್ದ ಒಬ್ಬಳೇ ಮಗಳು ಸೌಮ್ಯಳಿಗೆ ಎಸ್ಸೆಸ್ಸೆಲ್ಸಿವರೆಗೂ ದಿನಾ ಬೆಳಿಗ್ಗೆ ತಲೆ ಬಾಚಿ ಎರಡು ಜಡೆ ಹಾಕಿದವರು ಅವರೇ. ಬಾಯಲ್ಲಿ ಟೇಪು ಕಚ್ಚಿಕೊಂಡೇ ಗುಮಾಸ್ತ ಕರೀಂ ಸಾಹೇಬರಿಗೆ ದಾವೆ ಬರೆಸುತ್ತಿದ್ದರು. ಒಮ್ಮೆ ಅರ್ಜಿದಾರರ ಹೆಸರಿನ ಜಾಗದಲ್ಲಿ 'ನೆಟ್ಟಗೆ ಕೂತ್ಕೋ ಚಿನ್ನಾ' ಎಂದು ಟೈಪಾಗಿ ಕೋರ್ಟಿಗೂ ಹೋಗಿಬಿಟ್ಟಿತ್ತು. ನನಗೆ ಜ್ವರ ಬಂದರೆ ಮುದ್ದೆ ತೊಳಸಿ, ಉಪ್ಸಾರು ಕಾಯಿಸಿ, ಮಂಚಕ್ಕೇ ತಂದುಕೊಡುತ್ತಿದ್ದರು. ಮುದ್ದೆ ಗಂಟುಗಂಟಾಗಿರುತ್ತಿತ್ತು, ಆ ಮಾತು ಬೇರೆ.

ಅವರದೊಂದು ಪದ್ಧತಿಯಿತ್ತು. ತಮ್ಮ ಊರಿನವರು ಯಾವ ಕಾಗದಕ್ಕೂ ಸುಮ್ಮನೆ ಹೆಬ್ಬೆಟ್ಟು ಒತ್ತುವ ಹಾಗಿರಲಿಲ್ಲ. ಭಾನುವಾರ ಇವರೇ ಹೋಗಿ ಶಾಲೆಯ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಜೋರಾಗಿ ಓದುತ್ತಿದ್ದರು. ಆಮೇಲೆ ಯಾರಾದರೊಬ್ಬರು ಎದ್ದು ಅದರಲ್ಲಿ ಏನಿದೆ ಎಂದು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಇಪ್ಪತ್ತೈದು ವರ್ಷ ಹೀಗೆ ನಡೆದು, ಆ ಊರಿನಲ್ಲಿ ಓದಲು ಬಲ್ಲ ಹುಡುಗರು ಹುಟ್ಟಿ, ಪಿಯುಸಿ ಮುಗಿಸಿ, ಬಿಡದಿಯ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೂ ಕಾಗದ ಓದಲು ಅವರಿಗೆ ಯಾರೂ ಕೊಡುತ್ತಿರಲಿಲ್ಲ. ಓದಿಸಿದರೆ ವಕೀಲರ ಮೇಲೆ ಅನುಮಾನಪಟ್ಟ ಹಾಗೆ ಅಂತೆ! ಕೆಂಚಯ್ಯನೆಂದು ಆ ಊರಿನ ಹಿರಿಯ, ಇವರ ಬಾಲ್ಯದ ಗೆಳೆಯ. ಅವನ ಮಾತು ಕೇಳಿ: 'ಅವ್ರು ನೋಡವ್ರೆ ಅಂದ್ಮೇಲೆ ನಾವ್ ನೋಡೋದೇನೈತೆ?'

ಎರಡು ಸಾವಿರದ ಆರರ ಹೊತ್ತಿಗೆ ಬಿಡದಿಯಲ್ಲಿ ಜಾಗ ತುಂಬಿ ದಲ್ಲಾಳಿಗಳು ನಮ್ಮ ಕಡೆಗೆ ತಿರುಗಿದ್ದರು. ಹಿಪ್ಪುನೇರಳೆ ತೋಟದ ಬದುವಿನ ಮೇಲೆಲ್ಲ ಕಾರುಗಳು. ಅಂಥವರಲ್ಲಿ ದೇವರಾಜು ಎಂಬವನೊಬ್ಬ, ಬಲು ನಯವಾದ ಮಾತಿನವನು. ಆ ಊರಿನ ಹನ್ನೊಂದು ಮನೆಯವರ ಹದಿನೆಂಟು ಎಕರೆಯ ಮೇಲೆ ಅವನ ಕಣ್ಣು ಬಿದ್ದಿತ್ತು. ಮೂರು ಸಲ ಬಂದ, ಮೂರು ಸಲವೂ ಇವರು ಅವನ ಕಾಗದ ಓದಿ ವಾಪಸು ಕಳಿಸಿದರು. ನಾಲ್ಕನೇ ಸಲ ಅವನು ಆರಿಸಿಕೊಂಡಿದ್ದು ನನ್ನ ಮಗಳ ಮದುವೆಯ ದಿನವನ್ನು.

ಮದುವೆ ಕನಕಪುರದಲ್ಲಿ, ಗಂಡಿನವರ ಕಡೆಯ ಛತ್ರದಲ್ಲಿ. ದೂರವಾಯಿತೆಂದು ಊರಿನವರನ್ನೆಲ್ಲ ಮೂರನೇ ದಿನದ ಬೀಗರೂಟಕ್ಕೆ ಕರೆದಿದ್ದೆವು. ಹಿಂದಿನ ದಿನ ಚಪ್ಪರದ ಶಾಸ್ತ್ರದಲ್ಲೂ ಇವರು ಮೊಬೈಲ್ ಹಿಡಿದು ಯಾರದೋ ಬೇಲಿ ತಕರಾರು ಬಗೆಹರಿಸುತ್ತಿದ್ದರು. ಬೆಳಿಗ್ಗೆ ಮೊಬೈಲ್ ಕಿತ್ತುಕೊಂಡು ನನ್ನ ಕೈಚೀಲಕ್ಕೆ ಹಾಕಿಕೊಂಡೆ. 'ಇವತ್ತು ನೀವು ವಕೀಲರಲ್ಲ, ಹೆಣ್ಣಿನ ತಂದೆ' ಎಂದೆ. ನಕ್ಕು ಎರಡೂ ಕೈ ಎತ್ತಿದರು. ಧಾರೆಗೆ ಇನ್ನು ಕಾಲು ಗಂಟೆಯಿದೆ ಎನ್ನುವಾಗ ಚೀಲದೊಳಗೆ ಅದು ಬಡಿದುಕೊಳ್ಳತೊಡಗಿತು. ಒಂದು ಸಲ, ಎರಡು ಸಲ, ಐದು ಸಲ. ಎತ್ತಿದೆ. ಆ ಕಡೆ ಕಾಯಿನ್ ಬೂತಿನಿಂದ ಕೆಂಚಯ್ಯ.

"ಅವ್ವಾ, ಮದ್ವೆ ಟೇಮಲ್ಲಿ ತೊಂದ್ರೆ ಕೊಟ್ಬುಟ್ಟೆ. ದೇವರಾಜು ಬಂದವ್ನೆ. ಸರ್ವೆಗೆ ಒಪ್ಗೆ ಪೇಪರ್ ಅಂತೆ. ವಕೀಲ್ರು ನೋಡವ್ರೆ ಅಂತಾನೆ. ದಿಟವಾ? ಒಸಿ ಕೇಳಿ ಹೇಳವ್ವಾ."

ಇವರು ಹತ್ತು ಹೆಜ್ಜೆ ದೂರದಲ್ಲಿ ಮಗಳ ಬಾಸಿಂಗ ಸರಿಮಾಡುತ್ತಾ ನಿಂತಿದ್ದರು. ಹತ್ತೇ ಹೆಜ್ಜೆ. ಕೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಪಂಚೆ ಎತ್ತಿ ಕಟ್ಟಿ, ಪುರೋಹಿತರಿಗೆ ಐದು ನಿಮಿಷ ಎಂದು ಹೇಳಿ, ಅರ್ಧ ಗಂಟೆ ಫೋನಿನಲ್ಲೇ ಕೋರ್ಟು ನಡೆಸುತ್ತಿದ್ದರು. ನನಗೆ ರೇಗಿಹೋಯಿತು.

"ನೋಡಿದ್ದಾರೆ ಕೆಂಚಯ್ಯ, ನೋಡಿದ್ದಾರೆ! ಇವತ್ತೊಂದು ದಿನ ನನ್ನ ಗಂಡನನ್ನ ನನ್ನ ಮಗಳಿಗೆ ಬಿಟ್ಟುಕೊಡ್ರಪ್ಪಾ" ಎಂದು ಫೋನ್ ಆರಿಸಿಬಿಟ್ಟೆ. ಆಮೇಲೆ ಧಾರೆ, ಊಟ, ಅಳು, ಕಳಿಸಿಕೊಡುವುದು. ಆ ಮಾತು ನನ್ನ ತಲೆಯಿಂದಲೇ ಹೋಯಿತು.

ಮೂರನೇ ದಿನ ನಮ್ಮಲ್ಲಿ ಬೀಗರೂಟ. ಊರಿನವರೆಲ್ಲ ಬಂದರು. ಕೆಂಚಯ್ಯ ಎಲೆಯ ಮುಂದೆ ಕೂತು ಮೂಳೆ ಚೀಪುತ್ತಾ, ಬಡಿಸುತ್ತಿದ್ದ ಇವರಿಗೆ ಖುಷಿಯಾಗಿ ಹೇಳಿದ: "ನೀನ್ ನೋಡಿದ್ದ ಪೇಪರ್‌ಗೆ ಹನ್ನೊಂದ್ ಮನೆಯೋರೂ ಹೆಬ್ಬೆಟ್ ಒತ್‌ಬುಟ್ವು ಕಣ್ಲಾ ಲಿಂಗ."

ಇವರ ಕೈಯ ಸೌಟು ನಿಂತಿತು. "ಯಾವ ಪೇಪರು?"

"ಅದೇ, ದೇವರಾಜುಂದು. ಫೋನಲ್ಲಿ ಅವ್ವಾರು ಹೇಳುದ್ರಲ್ಲ."

ಇವರು ತಿರುಗಿ ನನ್ನನ್ನು ನೋಡಿದರು. ನಾನು ಬೀಗಿತ್ತಿಗೆ ಪಾಯಸ ಬಡಿಸುತ್ತಿದ್ದೆ. ನನ್ನ ಮುಖದಲ್ಲಿ ಏನಿತ್ತೋ, ಅವರಿಗೆ ಎಲ್ಲಾ ತಿಳಿದುಹೋಯಿತು. ಬಾಯಿ ತೆರೆಯಲು ನನಗೆ ಒಂದು ಗಳಿಗೆ ಸಿಕ್ಕಿದ್ದರೆ ಹೇಳಿಬಿಡುತ್ತಿದ್ದೆ, ದೇವರಾಣೆಗೂ ಹೇಳುತ್ತಿದ್ದೆ. ಅಷ್ಟರಲ್ಲಿ ಅವರು "ಓ ಅದಾ, ಹೌದೌದು. ನಾನೇ ಪದ್ಮನ ಕೈಲಿ ಹೇಳಿಸಿದ್ದು. ಊಟ ಮಾಡು" ಎಂದು ಮುಂದಿನ ಎಲೆಗೆ ಹೋದರು. ಬೀಗರ ಎದುರು, ಮಗಳ ಎದುರು, ನನ್ನ ಮಾನ ಉಳಿಸಿದರು. ಯಾರು ಕೇಳಿದ್ದರು ಉಳಿಸಿ ಅಂತ?

ಕಾಗದದ ನಕಲು ಸಿಕ್ಕಿದ್ದು ಮಾರನೇ ದಿನ. ಸರ್ವೆಯೂ ಇಲ್ಲ, ಸುಡುಗಾಡೂ ಇಲ್ಲ. ಹನ್ನೊಂದು ಮನೆಯವರ ಪರವಾಗಿ ಜಮೀನು ಮಾರುವ ಪೂರ್ತಿ ಅಧಿಕಾರ ದೇವರಾಜುವಿಗೆ ಎಂದು ಬರೆದಿತ್ತು. ವಾರದೊಳಗೆ ಅವನು ಯಾರಿಗೋ ಗೋಡೌನಿಗೆಂದು ಮಾರಿಯೂಬಿಟ್ಟ. ನಾನು ಅಳುತ್ತಾ, "ಊರಿಗೆ ಹೋಗೋಣ, ನಾನೇ ಹೇಳ್ತೀನಿ" ಎಂದೆ. "ಹೇಳಿದರೆ ಆ ಜಮೀನು ವಾಪಸು ಬರುತ್ತಾ ಪದ್ಮ? ನನ್ನ ಮೇಲೆ ಸಿಟ್ಟು ಮಾಡಿಕೊಂಡರೆ ತಡೆದುಕೊಳ್ತೀನಿ. ನಿನ್ನನ್ನ ಆ ಊರಿನ ಹೆಂಗಸರು ಬಾಯಿಗೆ ಬಂದ ಹಾಗೆ ಅನ್ನೋದನ್ನ ಕೇಳೋಕಾಗಲ್ಲ" ಎಂದರು. ಮೂರು ದಿನ ಜಗಳವಾಡಿದೆ. ಆ ಮನುಷ್ಯ ದನಿ ಎತ್ತಿದರೆ ತಾನೆ ಜಗಳ! ಒಂದು ಸಲವಾದರೂ 'ಯಾಕೆ ಹಾಗಂದೆ' ಎಂದು ಕೇಳಬೇಡವೇ? ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಊರಿನವರ ಪರ ದಾವೆ ಹೂಡಿಸಿದರು. ತಮ್ಮ ಹೆಸರೇ ಅದರಲ್ಲಿ ಬರುವುದರಿಂದ ತಾವು ನಡೆಸುವ ಹಾಗಿಲ್ಲ ಎಂದು ರಾಮನಗರದ ಇನ್ನೊಬ್ಬ ವಕೀಲರಿಗೆ ವಹಿಸಿದರು. ದೇವರಾಜುವಿನ ಕಡೆಯವರು ಒಂದೇ ಹಟ ಹಿಡಿದರು: ಊರಿನವರ ವಕೀಲರೇ ಓದಿ ಒಪ್ಪಿದ ಕಾಗದ, ಮೋಸ ಎಲ್ಲಿಂದ ಬಂತು? ಓದಿರಲಿಲ್ಲ ಎಂದು ಹೇಳಬೇಕಾದವರು ಇಬ್ಬರೇ, ಇವರು ಮತ್ತು ನಾನು. ಇವರು ಕಟಕಟೆ ಹತ್ತಿದರೆ ನಿಜ ಹೇಳಬೇಕು, ಇಲ್ಲ ಸುಳ್ಳು ಹೇಳಬೇಕು. ಬೀಗರೂಟದಲ್ಲಿ ಆಡಿದ ಸುಳ್ಳನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಆಡಲು ಅವರ ನಾಲಿಗೆ ಏಳಲಿಲ್ಲ. ನಿಜ ಹೇಳಿದರೆ ನನ್ನನ್ನು ಕರೆಸುತ್ತಾರೆ. ಅದಕ್ಕೇ ಕಟಕಟೆ ಹತ್ತಲೇ ಇಲ್ಲ. "ನಾನು ಬರ್ತೀನಿ, ಕರೆಸಲಿ" ಎಂದು ಕಾಲು ಹಿಡಿದೆ. "ಕೇಸು ಗಟ್ಟಿಯಾಗಿದೆ, ನೀನು ಬೇಕಾಗಲ್ಲ" ಎಂದರು. ಅವರ ಮೂವತ್ತು ವರ್ಷದ ವಕೀಲಿಕೆಯಲ್ಲಿ ಅದಕ್ಕಿಂತ ದಡ್ಡ ಮಾತು ಇನ್ನೊಂದಿಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಕೇಸು ಬಿದ್ದುಹೋಯಿತು. ಹನ್ನೊಂದು ಸಂಸಾರದ ಭೂಮಿಗಿಂತ ನನ್ನ ಮರ್ಯಾದೆ ದೊಡ್ಡದೇ? ನನ್ನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದರು ಎಂಬುದು ಗೊತ್ತಿರುವುದಕ್ಕೇ ನನಗೆ ಮೈ ಉರಿಯುತ್ತದೆ.

ಊರಿನವರು ಬೈಯಲಿಲ್ಲ. ಮೊದಲನೇ ಬಸ್ಸಿಗೆ ಬರುವುದನ್ನು ನಿಲ್ಲಿಸಿದರು, ಅಷ್ಟೆ. ಜಗಲಿ ಖಾಲಿಯಾಯಿತು. ಇವರು ಆರು ಗಂಟೆಗೆ ಎದ್ದು ಬಾಗಿಲು ತೆಗೆದು, ಆಚೆ ಈಚೆ ನೋಡಿ, ಪೇಪರ್ ಎತ್ತಿಕೊಂಡು ಒಳಗೆ ಬರುತ್ತಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಗೆ ಒಳಗೆ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಕೇಸು ಬಿದ್ದ ಮೇಲೆ ಊರಿನವರ ಹೆಸರಿನಲ್ಲಿ ಹಾಕಿಸಿದ್ದ ಅಪೀಲು ಇನ್ನೂ ಬಾಕಿಯಿತ್ತು. ತಿಥಿ ಮುಗಿದ ಮೇಲೆ ಕರೀಂ ಸಾಹೇಬರನ್ನು ಕೂರಿಸಿಕೊಂಡು ಅಫಿಡವಿಟ್ ಬರೆಸಿದೆ. ಇದ್ದದ್ದು ಇದ್ದ ಹಾಗೆ: ಕಾಗದವನ್ನು ವಕೀಲರು ನೋಡಿರಲಿಲ್ಲ, ಅವರನ್ನು ಕೇಳದೆಯೇ 'ನೋಡಿದ್ದಾರೆ' ಎಂದವಳು ನಾನು. "ಇದನ್ನ ಕೋರ್ಟು ತಗೊಳ್ಳಬೇಕಾದ್ರೆ ಊರಿನವರ ಕಡೆಯಿಂದ ಅರ್ಜಿ ಬೇಕಮ್ಮಾ. ಅವರ ಹೆಬ್ಬೆಟ್ಟು ಬೇಕು" ಎಂದರು ಕರೀಂ ಸಾಹೇಬರು. ತಿಂಗಳು ತುಂಬುವ ಮೊದಲೇ ಹೊಸಿಲು ದಾಟಿದೆ ಎಂದು ನಾದಿನಿ ಮೂತಿ ತಿರುವಿದಳು. ತಿರುವಲಿ. ವಿರೂಪಾಕ್ಷಿಪುರದ ಬಸ್ಸು ಹತ್ತಿದೆ.

ಕೆಂಚಯ್ಯನ ಮನೆಯ ಹಜಾರದಲ್ಲಿ ಕೂತು ಎಲ್ಲಾ ಹೇಳಿದೆ. ಮೊಬೈಲ್ ಕಿತ್ತುಕೊಂಡಿದ್ದು, ಹತ್ತು ಹೆಜ್ಜೆ, ನನ್ನ ಸಿಟ್ಟು, ಬೀಗರೂಟ, ಎಲ್ಲಾ. ಕೆಂಚಯ್ಯ ತಲೆ ತಗ್ಗಿಸಿ ಕೇಳಿದ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಎದೆ ಎಷ್ಟೋ ಹಗುರವಾಗಿತ್ತು.

"ಅಲ್ಲಾ ಕಣವ್ವಾ," ಎಂದ ಅವನು, "ನಾನೇ ಹೇಳ್ಸಿದ್ದು ಅಂತ ನನ್ ಎಲೆ ಮುಂದೆ ನಿಂತ್ಕಂಡು ಲಿಂಗನೇ ಹೇಳವ್ನೆ. ಈಗ ನೀನು ಇಲ್ಲ ಅಂತೀಯೆ. ಹಂಗಾರೆ ಅವ್ನು ಸುಳ್ಳು ಹೇಳುದ್ನಾ?"

"ಹೌದು ಕೆಂಚಯ್ಯ, ಹೇಳಿದರು! ನನಗೋಸ್ಕರ ಸುಳ್ಳು ಹೇಳಿದರು!"

"ಗಂಡನ್ ತಪ್ ಮುಚ್ಚಾಕೆ ನಿನ್ ತಲೆ ಮ್ಯಾಲೆ ಹಾಕ್ಕಬ್ಯಾಡ ಕಣವ್ವಾ" ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ. "ನಾವೇನ್ ಅವರ್ನ ಬೈಕಂಡಿಲ್ಲ."

"ಅಯ್ಯೋ, ಮುಚ್ಚೋಕೆ ಬಂದಿಲ್ಲ ದೊಡ್ಡಲಕ್ಷ್ಮಮ್ಮ! ನಿಮ್ಮ ಭೂಮಿ ಉಳಿಸೋಕೆ ಬಂದಿದ್ದೀನಿ. ಇದಕ್ಕೊಂದು ಹೆಬ್ಬೆಟ್ಟು ಹಾಕ್ರಪ್ಪಾ!" ಎಂದು ಕಿರುಚಿದೆ.

ಕೆಂಚಯ್ಯ ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟ. "ಅವತ್ತು ಕಣ್ ತಪ್ತು, ಸರ್ಯಾಗಿ ನೋಡ್ನಿಲ್ಲ. ಆಗೋಯ್ತು. ನಮ್ಗೂ ಒಟ್ಟೆ ಉರೀತು, ಇಲ್ಲ ಅನ್ನಕಿಲ್ಲ. ಆದ್ರೆ ಸುಳ್ಳು ಹೇಳೋ ಮನ್ಸ ಅಲ್ಲ ಕಣವ್ವಾ ಲಿಂಗ. ಇಷ್ಟಗಲ ಇದ್ದಾಗಿಂದ ಕಂಡಿವ್ನಿ. ಭೂಮಿ ಹೋದ್ರೆ ಹೋಗ್ಲಿ. ಅವ್ನು ಸುಳ್ಳ ಅಂತ ಬರ್ದಿರೋ ಪೇಪರ್‌ಗೆ ನಾನು ಹೆಬ್ಬೆಟ್ ಒತ್ತಾಕಿಲ್ಲ."

ದೊಡ್ಡಲಕ್ಷ್ಮಮ್ಮ ಬಂದು ನನ್ನ ಬೆನ್ನು ಸವರಿದಳು. ದುಃಖದಲ್ಲಿ ಹೀಗೆಲ್ಲಾ ಆಗುತ್ತದೆ ಎಂದು ಸಮಾಧಾನ ಮಾಡಿ ಒಂದು ಲೋಟ ಮಜ್ಜಿಗೆ ಕೊಟ್ಟಳು. ಅದನ್ನು ಕುಡಿದು ಎದ್ದೆ. ಮಿಕ್ಕ ಹತ್ತು ಮನೆಗಳಿಗೂ ಹೋದೆ. ಒಬ್ಬರೂ ನನ್ನ ಮಾತು ನಂಬಲಿಲ್ಲ.