ಎರಡೇ ಕೈಯಲ್ಲಿ ಎರೆಯುವುದು

ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯ ಕೆಮಿಸ್ಟ್. ತೊಂಬತ್ತರ ದಶಕದ ನಡುವೆ ಅವರಿಗೆ ಕೀನ್ಯಾದ ಕಬ್ಬಿನ ಸೀಮೆಯಲ್ಲಿ ಕೆಲಸ ಸಿಕ್ಕಿತು. ಅವರು ಮುಂಚೆ ಹೋದರು. ಮಗಳಿಗೆ ಐದು ತಿಂಗಳು ತುಂಬಿದ ಮೇಲೆ ನಾವಿಬ್ಬರೂ ಹೊರಡುವುದೆಂದು ತೀರ್ಮಾನವಾಗಿತ್ತು. ಬಾಣಂತನಕ್ಕೆ ಶ್ರೀರಂಗಪಟ್ಟಣದ ತವರಿನಲ್ಲಿದ್ದೆ. ಪಾಂಡವಪುರದಿಂದ ಅತ್ತೆ ಬಂದಾಗಲೆಲ್ಲ, "ಕಾನ್ವೆಂಟಲ್ಲಿ ಓದಿದೋಳು, ಇಂಗ್ಲಿಷ್ ಬತ್ತದೆ, ನಿಂಗೇನ್ ಬುಡು" ಎನ್ನುತ್ತಿದ್ದರು. ನನ್ನ ಚಿಂತೆ ಇಂಗ್ಲಿಷಿನದಲ್ಲ. ಅಲ್ಲಿ ಮಗುವಿಗೆ ನೀರು ಎರೆಯುವವರು ಯಾರು?

ತವರಿನಲ್ಲಿ ಮಗುವಿಗೆ ಎರೆಯಲು ಬಾಬುರಾಯನಕೊಪ್ಪಲಿನಿಂದ ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ನಡೆದು ಬರುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೇಲಕ್ಕೆ ಸಿಕ್ಕಿಸಿ, ಚಾಚಿದ ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಳ್ಳುವರು. ಅಮ್ಮ ಪಕ್ಕದಲ್ಲಿ ನಿಂತು ಚೊಂಬಿನಲ್ಲಿ ನೀರು ಹೊಯ್ಯುವಳು. ಅಜ್ಜಿಯ ಒಂದು ಕೈ ಉಜ್ಜಿದರೆ ಇನ್ನೊಂದು ಕಿವಿಗೆ ಅಡ್ಡ. ನನ್ನ ಪಾಲಿನ ಕೆಲಸವೆಂದರೆ ಟವೆಲು ಹಿಡಿದು ಬಾಗಿಲಲ್ಲಿ ನಿಲ್ಲುವುದು.

ಒಂದು ದಿನ ಕೇಳಿಯೇಬಿಟ್ಟೆ. "ಅಜ್ಜಿ, ಒಬ್ಳೇ ಎರೆಯೋದು ಹೇಗೆ? ಹೇಳ್ಕೊಡಿ."

ಅವರ ಕೈ ನಿಂತಿತು. "ಒಬ್ಳೇ ಎರೆದೋರು ಯಾರವ್ವ? ನಂಗೂ ಗೊತ್ತಿಲ್ಲ. ಊರಂದ್ಮೇಲೆ ನೀರುಯ್ಯಕೆ ಒಬ್ರು ಇದ್ದೇ ಇರ್ತಾರೆ."

"ಅಲ್ಲಿ ಇರೋದಿಲ್ಲ."

"ಅದೆಂಥಾ ಊರವ್ವ ಅದು!"

ಮಾರನೆಯ ದಿನ ಮಣೆಯ ಮೇಲೆ ನಾನು ಕೂತೆ. ಚೊಂಬಿಗೆಂದು ಬಲಗೈ ತೆಗೆದದ್ದೇ ತಡ, ಎಣ್ಣೆ ಮೈಯ ಮಗು ನನ್ನ ಕಾಲ ಹರಡಿನವರೆಗೆ ಜಾರಿತು. ಅಜ್ಜಿ ಹಿಡಿದುಕೊಂಡರು.

"ಮೀನ್ ಹಿಡ್ದಂಗ್ ಹಿಡೀಬ್ಯಾಡ ಕಣ್ ಮಗ. ನೀನ್ ಬಿಗಿಯಾದ್ರೆ ಕೂಸೂ ಬಿಗೀತದೆ."

ಆ ಮಧ್ಯಾಹ್ನ, ಮಗುವಿಗೆ ವರ್ಷ ತುಂಬಲಿ, ಆಮೇಲೆ ಬರುತ್ತೇನೆ ಎಂದು ಯಜಮಾನರಿಗೆ ಕಾಗದ ಬರೆಯಲು ಕೂತೆ. ಎರಡು ಸಾಲು ಬರೆದು ಹರಿದುಹಾಕಿದೆ.

ಆಮೇಲೆ ಒಂದೊಂದೇ ಬದಲಾಯಿಸುತ್ತ ಬಂದೆವು. ಹಿತ್ತಾಳೆ ಚೊಂಬಿನ ಬದಲು ಹಗುರವಾದ ಪ್ಲಾಸ್ಟಿಕ್ ಮಗ್ಗು. ನೀರು ಮೊದಲೇ ಹದ ಮಾಡಿ, ಬಕೆಟ್ಟನ್ನು ಬಲಕ್ಕೆ ಸ್ಟೂಲಿನ ಮೇಲಿಡುವುದು ಅಮ್ಮನ ಉಪಾಯ. ಅಪ್ಪನ ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಕಾಲ ಮೇಲೆ ಹಾಸಿದರೆ ಮಗು ಜಾರುವುದಿಲ್ಲ ಎಂಬುದು ನನಗೆ ಹೊಳೆದದ್ದು. ಅಜ್ಜಿ ಆ ಬಟ್ಟೆಯನ್ನು ಒತ್ತಿ ಒತ್ತಿ ನೋಡಿದರು.

"ಅಯ್, ಇಷ್ಟ್ ಕೂಸ್ಗೆ ಎರೆದಿವ್ನಿ, ನಂಗೆ ಹೊಳೀನಿಲ್ವಲ್ಲ! ನನ್ ಅನ್ನಕ್ಕೇ ಕಲ್ಲಾಕ್ತೀಯ ಕಣವ್ವ ನೀನು" ಎಂದು ನಕ್ಕರು.

ಹೊರಡುವ ವಾರ ಅಮ್ಮ, ಅಜ್ಜಿ ಇಬ್ಬರನ್ನೂ ಹೊರಗೆ ಕೂರಿಸಿ ಬಚ್ಚಲ ಬಾಗಿಲು ಹಾಕಿಕೊಂಡೆ. ಮಗು ಕಿರುಚಿತು.

"ಕಿವಿ! ಕಿವಿ ನೋಡ್ಕೊ!" ಹೊರಗಿನಿಂದ ಅಜ್ಜಿ.

"ಸುಮ್ಕಿರಿ, ಅವ್ಳೇ ಮಾಡ್ಲಿ" ಎಂದಳು ಅಮ್ಮ.

ಮೊದಲ ಮಗ್ಗು ಅರ್ಧಕ್ಕರ್ಧ ನನ್ನ ಸೀರೆಗೇ ಬಿತ್ತು. ನಾಲ್ಕನೆಯದಕ್ಕೆ ಮಗು ಅಳು ನಿಲ್ಲಿಸಿ ನನ್ನ ಪಾದಕ್ಕೆ ಬಾಯಿ ಹಾಕಿತು. ಎಡಗೈ ಕಿವಿಗೆ ತಾನಾಗಿಯೇ ಅಡ್ಡ ಹೋಗುತ್ತಿತ್ತು.

ತೊಯ್ದು ತೊಪ್ಪೆಯಾಗಿ ಹೊರಗೆ ಬಂದೆ. ಅಜ್ಜಿ ಮಗುವಿನ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಬೆರಳಾಡಿಸಿ ನೋಡಿದರು. ಉಳಿದ ಎಣ್ಣೆಯ ಜಿಡ್ಡು ಏನೂ ಸಿಗಲಿಲ್ಲ. ಅವರ ಸೀರೆ ಅಂದು ಒಣಗಿಯೇ ಇತ್ತು. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಸೆರಗಿಗೆ ಒರೆಸಿಕೊಂಡರು.

"ಕೊಡಿಲ್ಲಿ" ಎಂದು ಮಗುವನ್ನು ತೆಗೆದುಕೊಂಡರು. "ಸಾಂಬ್ರಾಣಿ ಹೊಗೆನಾದ್ರೂ ನಾನ್ ಹಾಕ್ತೀನಿ."