ತಾಳಿ ಕಾಣದ ಕ್ಯಾಸೆಟ್

ಕಾಲುವೆ ನೀರು ಬಂದ ಮೇಲೆ ಶಹಾಪುರದ ಸುತ್ತ ಭತ್ತ ಬೆಳೆಯಿತು. ಭತ್ತದ ದುಡ್ಡಿನ ಹಿಂದೆಯೇ ಮದುವೆಗಳಿಗೆ ವಿಡಿಯೊ ಬಂತು. ಫೋಟೋ ಸ್ಟುಡಿಯೊದಲ್ಲಿದ್ದ ನಾನು ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡೆ. ಒಬ್ಬನೇ ಹೋಗಿ ತೆಗೆದ ಮೊದಲ ಮದುವೆ ಕೊಂಕಲ್‌ನದು. ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲಿ ಬರೆಯುತ್ತೇನೆ.

ವರನ ಕಡೆಯವರು ಸುರಪುರದವರು. ವರನ ತಾಯಿ ಬೆಳಿಗ್ಗೆಯೇ ನನ್ನನ್ನು ಕರೆದು ಹೇಳಿದ್ದರು: "ಉಣ್ಣೋದು, ಕುಣಿಯೋದು ಕ್ಯಾಸೆಟ್‌ನ್ಯಾಗ ಬರದಿದ್ರ ನಡೀತದ. ತಾಳಿ ಕಟ್ಟೋದು ಬರಬೇಕು ನೋಡಪ್ಪ. ಬರಲಿಲ್ಲಂದ್ರ ಕ್ಯಾಸೆಟ್ ನಿನ್ನ ಮನ್ಯಾಗ ಇಟ್ಕೊಂಡು ನೀನೇ ನೋಡು."

ಮುಹೂರ್ತ ಬಂತು. ಎಲ್ಲರ ಮುಷ್ಟಿಯಲ್ಲಿ ಅಕ್ಕಿಕಾಳು. ವರ ತಾಳಿ ಎತ್ತಿದ, ನಾನು ಲೈಟ್ ಹಚ್ಚಿ ಕ್ಯಾಮೆರಾ ತಿರುಗಿಸಿದೆ. ವರ ಹಾಗೇ ನಿಂತುಬಿಟ್ಟ. ತಾಳಿ ಕೈಯಲ್ಲಿ, ಕಣ್ಣು ನನ್ನ ಮೇಲೆ, ಎದೆ ಉಬ್ಬಿದೆ. ಮಂತ್ರ ಹೇಳುತ್ತಿದ್ದ ಅಯ್ಯನವರೂ ಬಾಯಿ ಮುಚ್ಚಿ ನೆಟ್ಟಗೆ ಕುಳಿತರು. ಸ್ಟುಡಿಯೊದಲ್ಲಿ "ಅಲ್ಲಾಡಬ್ಯಾಡ್ರಿ" ಎಂದು ವರ್ಷಗಟ್ಟಲೆ ನಾವೇ ಗದರಿಸಿದ್ದ ಜನ. ಕ್ಯಾಮೆರಾ ಕಂಡರೆ ಉಸಿರು ಹಿಡಿಯಬೇಕು ಎಂದೇ ಅವರಿಗೆ ಗೊತ್ತು.

"ಕಟ್ರಿ, ಇದು ಫೋಟೋ ಅಲ್ಲ. ಅಲ್ಲಾಡಿದ್ರ ನಡೀತದ," ಎಂದೆ.

ವರ ತುಟಿ ಅಲುಗಿಸದೆ, "ಮೊದಲು ನೀವು ತಗೀರಿ," ಎಂದ.

"ತಗ್ಯಾಕತ್ತೇನಿ."

"ತಗದ ಮ್ಯಾಲ ಹೇಳ್ರಿ, ಕಟ್ಟತೀನಿ."

ಬೀಗರ ಸಾಲಿಗೆ ಪಾನಕ ಹಾಕುತ್ತಿದ್ದ ವಧುವಿನ ತಂದೆ ಅಲ್ಲಿಂದಲೇ ಕೂಗಿದರು: "ಮುಹೂರ್ತ ಮುಗ್ಯಾಕ ಬಂತಲ್ರಿ ಅಯ್ಯಾರ."

"ಸುಮ್ಮನಿರ್ರಿ, ಮುಖ ಕೆಡ್ತದ," ಎಂದರು ಅಯ್ಯನವರು.

ಬೆಳಕು ವರನ ಮೇಲೇ ಇದ್ದರೆ ಮುಹೂರ್ತ ಹೋಗುತ್ತದೆ. ಬೇರೆ ಕಡೆ ಸರಿಸಿದರೆ ತಾಳಿ ಕ್ಯಾಸೆಟ್ಟಿಗೆ ಬರುವುದಿಲ್ಲ. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ನೆನಪಾಯಿತು. ನಾನು ಗಿಡ್ಡ; ಮುಂದಿದ್ದವರ ಬೆನ್ನು ಬಿಟ್ಟು ಏನೂ ಕಂಡಿರಲಿಲ್ಲ. ಆಚೆ ದಂಡೆಯ ಮೇಲೆ ಎತ್ತರದಲ್ಲಿ ನಿಂತವರ ಮುಖ ನೋಡಿಯೇ ನೀರು ಬಂತೆಂದು ತಿಳಿದಿದ್ದೆ. ಕ್ಯಾಮೆರಾವನ್ನೂ ಲೈಟನ್ನೂ ವಧುವಿನ ತಂದೆಯ ಕಡೆ ತಿರುಗಿಸಿದೆ.

ವರ ತಾಳಿ ಕಟ್ಟಿದನೆಂದು ಆಮೇಲೆ ಎಲ್ಲರೂ ಹೇಳಿದರು. ನಾನು ನೋಡಲಿಲ್ಲ. ನಾನು ಕಂಡದ್ದು ಆ ತಂದೆಯನ್ನು. ಬೆಳಕು ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಬಾಯಿ ತೆರೆದಿತ್ತು, ಪೇಟದ ಮೇಲೆ ಅಕ್ಕಿಕಾಳು ಬಿದ್ದವು. ಕೈಯಲ್ಲಿದ್ದ ಚರಿಗೆ ಮೆಲ್ಲಗೆ ವಾಲಿ, ಪಾನಕ ಕೆಳಗೆ ಕುಳಿತಿದ್ದ ಹಿರಿಯ ಬೀಗರ ಮಡಿಲಿಗೆ ಸುರಿಯತೊಡಗಿತು. ಕ್ಯಾಮೆರಾ ತಮ್ಮ ಮೇಲೂ ಇದೆ ಎಂದು ಕಂಡ ಬೀಗರು ಮೀಸೆ ತಿದ್ದಿಕೊಂಡು, ಚರಿಗೆ ಖಾಲಿಯಾಗುವ ತನಕ ಅಲ್ಲಾಡದೆ ಕುಳಿತರು.

ಕೆಲವು ದಿನ ಬಿಟ್ಟು ವರನ ಸುರಪುರದ ಮನೆಯಲ್ಲಿ ಬಾಡಿಗೆ ಟಿವಿ ತಂದು ಕ್ಯಾಸೆಟ್ ಹಾಕಿದೆವು.

"ತಾಳಿ ಎಲ್ಲದ?" ವರನ ತಾಯಿ ಕೇಳಿದರು. "ನನ್ನ ಮಗ ಕಟ್ಟ್ಯಾನಂತ ಏನು ಗುರ್ತು?"

ನೋಡಲು ಬಂದಿದ್ದ ವಧುವಿನ ಸೋದರತ್ತೆ, "ಅಲ್ರಿ ಬೀಗತಿ, ಹುಡುಗಿ ನಿಮ್ಮ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ. ಇನ್ನೇನು ಗುರ್ತು ಬೇಕು?" ಎಂದರು.

ನಾನು ಕ್ಯಾಸೆಟ್ ತೆಗೆಯಲು ಎದ್ದೆ. ಅಷ್ಟರಲ್ಲಿ ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಹಿಂದಕ್ಕ ತಿರುಗಿಸ್ರಿ. ಅವತ್ತು ತಲಿ ತಗ್ಗಿಸಿದ್ದೆ, ಅಪ್ಪನ ಮುಖ ನೋಡಿಲ್ಲ."

ತಿರುಗಿಸಿದೆ. ಆಕೆ ನಿಂತೇ ನೋಡಿದಳು. ಇನ್ನೊಮ್ಮೆ ಎಂದಳು. ವರನ ತಾಯಿ ಸೊಸೆಯನ್ನೂ ಟಿವಿಯನ್ನೂ ಸರದಿಯಂತೆ ನೋಡಿದರು. ಆಮೇಲೆ ನನಗೆ ಹೇಳಿದರು: "ಸಣ್ಣ ಮಗನ ಮದಿವಿಗೂ ನೀನೇ ಬಾ. ತಾಳಿ ಕಟ್ಟೋ ಮುಂದ ನನ್ನ ಮುಖ ತಗಿ."

ಹೋದೆ. ಆ ಮದುವೆಯಲ್ಲಿ ಆಕೆ ಮಗನ ಕಡೆ ಒಮ್ಮೆಯೂ ನೋಡಲಿಲ್ಲ. ಕ್ಯಾಮೆರಾವನ್ನೇ ದಿಟ್ಟಿಸುತ್ತ, ಉಸಿರು ಹಿಡಿದು ನಿಂತಿದ್ದರು.